ಒಂಚೂರ್ ಕಂಡ್ಕಂಡ್ ಹೋಗ್

ಶುಕ್ರವಾರ ಬೆಳಿಗ್ಗೆ, ಕಣ್ಣಿಗಿಂತ ಮೊದಲು
ಫೋನು ಎಚ್ಚರಾಗುತ್ತದೆ.
"ಹ್ವಾಯ್ ಸದಿಯಾ, ಮನಿಕಂಡಿದ್ಯಾ?
ಬಚ್ಚಲಲ್ಲಿ ನೀರ್ ನಿಂತಿತ್ತ್ ಮಾರಾಯ.
ಒಂಚೂರ್ ಕಂಡ್ಕಂಡ್ ಹೋಗ್."

ಒಂಚೂರು ಅಂದರೆ ಎಷ್ಟು ಎಂದು
ಇಷ್ಟು ವರ್ಷದಲ್ಲಿ ಕಲಿತಿದ್ದೇನೆ:
ಎಂಟು ಗಂಟೆಯಿಂದ ಅಸರ್ ಬಾಂಗಿನವರೆಗೆ,
ಒಂದು ಹಳೇ ಕೂದಲುಂಡೆ, ಎರಡು ವಾಷರು,
ಮೊಣಕಾಲಿನ ಚರ್ಮ.

ವಾರಕ್ಕೆ ಆರು ದಿನ ಕಂಪನಿಯ ವ್ಯಾನು ನನ್ನನ್ನು
ವಿಲ್ಲಾಗಳಿಗೆ ಒಯ್ಯುತ್ತದೆ. ಅಲ್ಲಿ ಒಂದು ಕಾಗದ ಉಂಟು,
ಎಷ್ಟು ಹೊತ್ತಿಗೆ ಬಂದೆ, ಏನು ಬದಲಿಸಿದೆ,
ಕೆಳಗೆ ಮನೆಯವರ ಸಹಿ.
ಏಳನೆಯ ದಿನಕ್ಕೆ ಕಾಗದವಿಲ್ಲ.
ರೂವಿಯಿಂದ ವಾದಿ ಕಬೀರಿಗೆ ಕಾಲ್ನಡಿಗೆ,
ಹೆಗಲಲ್ಲಿ ಚೀಲ, ಎರಡೂ ಬದಿ ಹುಲ್ಲುಕಡ್ಡಿಯಿಲ್ಲದ ಗುಡ್ಡ,
ದೋಸೆ ಕಾವಲಿಯ ತಳದ ಬಣ್ಣ.

ನೀರಜಕ್ಕ ನನ್ನ ದೊಡ್ಡಮ್ಮನ ಮಗಳು.
ಬಾವ ನನಗೆ ವೀಸಾ ಮಾಡಿಕೊಟ್ಟವರು.
ಈ ಎರಡನೇ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ;
ಅದು ಗೋಡೆಯೊಳಗಿನ ಪೈಪು,
ತೇವ ಕಂಡಾಗಷ್ಟೇ ಇದೆಯೆಂದು ಗೊತ್ತಾಗುವುದು.

ಬಚ್ಚಲು ಮುಗಿಯಿತು ಎನ್ನುವಾಗ ಗೀಸರು.
ಗೀಸರು ಮುಗಿಯಿತು ಎನ್ನುವಾಗ
ಬಾವನ ತಂಗಿ, ದಾರ್ಸೈತಿನವಳು, ಅವಳ ಕಪಾಟಿನ ಬಾಗಿಲು.
ಮತ್ತೆ ಅವಳ ಗಂಡನ ಅಣ್ಣನ ಮನೆಯ ಕಮೋಡು.
ಅವರಿಗೂ ನನಗೂ ಏನು ನೆಂಟಸ್ತಿಕೆಯೆಂದು
ಅದರ ಹಿಂದೆ ಅಂಗಾತ ಮಲಗಿ ಹುಡುಕಿದ್ದೇನೆ,
ಸಿಕ್ಕಿಲ್ಲ. ಲೀಕು ಸಿಕ್ಕಿತು.

ದುಡ್ಡಿನ ಮಾತು ಒಮ್ಮೆ ಬಂದಿತ್ತು.
ಬಾವ ಕಿಸೆಗೆ ಕೈ ಹಾಕಿದರು.
"ಅವ್ನಿಗ್ ದುಡ್ಡ್ ಕೊಟ್ರೆ ಬೇಜಾರ್ ಆತ್ತ್," ಅಂದಳು ಅಕ್ಕ.
ಕೈ ಅಲ್ಲೇ ಉಳಿಯಿತು, ಕೀಗೊಂಚಲು ಆಡಿಸುತ್ತ.
ಬೇಜಾರಾಗುತ್ತಿತ್ತೋ ಇಲ್ಲವೋ,
ನೋಡುವ ಅವಕಾಶ ಮಾತ್ರ ನನಗೆ ತಪ್ಪಿತು.
"ಉಂಡ್ಕಂಡ್ ಹೋಗ್."
ಉಂಡೆ. ಸುಳ್ಳು ಹೇಳಬಾರದು:
ಮತ್ರಾ ಮಾರ್ಕೆಟ್ಟಿನ ಅಂಜಲ್, ಊರಿನ ಕುಚ್ಲಕ್ಕಿ.
ರೂಮಿನಲ್ಲಿ ನಾವು ಎಂಟು ಜನ,
ಮೀನಿನ ತಲೆ ನನಗೆಂದೇ ಎತ್ತಿಡುವವರು
ಅಲ್ಲಿ ಯಾರಿದ್ದಾರೆ?

ಆದರೂ ಒಂದು ಕಳ್ಳತನ ಮಾಡಿದ್ದೇನೆ.
ಪ್ರತಿ ಸಲ ಏಸಿ ಬಿಚ್ಚಿದಾಗ
ಮುಚ್ಚಳದ ಒಳಮೈಗೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆದೆ.
ಒಟ್ಟು ಮೂವತ್ತೊಂದು.
ಯಾಕೆಂದು ಕೇಳಿದರೆ ಗೊತ್ತಿಲ್ಲ.

ಈ ಶುಕ್ರವಾರದ ಫೋನು ಬೇರೆ.
ಬಾವನ ಕುರ್ಚಿಗೆ ಈಗ ಒಮಾನಿ ಹುಡುಗ ಬಂದಿದ್ದಾನೆ,
ಸಾಮಾನು ಕಾರ್ಗೋ ಸೇರಿದೆ.
"ಗ್ವಾಡಿ ಮುಂಚಿನ್ ಕಣಂಗೇ ಇದ್ರೆ ಮಾತ್ರ
ಡಿಪಾಸಿಟ್ ಕೊಡ್ತ್ರಂಬ್ರ್. ಒಂಚೂರ್..."

ಹೋದೆ.
ಖಾಲಿ ಹಾಲಿನಲ್ಲಿ ನನ್ನ ಕೆಮ್ಮು ಎರಡು ಸಲ ಕೇಳಿಸಿತು.
ಪುಟ್ಟಿ ಕಲಸಿ ಒಂದೊಂದೇ ತೂತು ಮುಚ್ಚಿದೆ.
ಎಲ್ಲ ನಾನೇ ಕೊರೆದವು.
ಗಡಿಯಾರದ್ದು. ದೇವರ ಹಲಗೆಯದ್ದು, ನಾಲ್ಕು.
ಸೀಲಿಂಗಿನಲ್ಲಿ ಅನೂಪನ ತೊಟ್ಟಿಲ ಕೊಕ್ಕೆ;
ಕೆಳಗೆ ಸ್ಟೂಲು ಹಿಡಿದು ನಿಂತವನು ಅವನೇ,
ಮೀಸೆ ಚಿಗುರುತ್ತಿದೆ.
ಉಪ್ಪುಕಾಗದ ಹಿಡಿದು ಉಜ್ಜಿದೆ, ಬಿಳಿ ಬಳಿದೆ.
ಮೂರರ ಹೊತ್ತಿಗೆ, ಹದಿನಾಲ್ಕು ವರ್ಷ,
ಆ ಮನೆಯಲ್ಲಿ ಯಾರೂ ಒಂದು ಮೊಳೆ ಹೊಡೆದಿರಲಿಲ್ಲ.

ವಾಚ್‌ಮನ್ ಬಂದು ಗೋಡೆ ಸವರಿ ತಲೆಯಾಡಿಸಿದ.
ಒಲೆ ಪ್ಯಾಕಾಗಿತ್ತು. ಅಕ್ಕ ಹೋಟೆಲಿನ ಪರೋಟ ಕೈಗಿಟ್ಟು
"ಇವತ್ತ್ ಇದೇ ಕಾಣ್" ಎಂದು ಆಚೆ ತಿರುಗಿದಳು.
ಬಾವ ಕಿಸೆಗೆ ಕೈ ಹಾಕಿದರು;
ಈ ಸಲ ಆಡಿಸಲು ಕೀ ಕೂಡ ಇರಲಿಲ್ಲ.

ಏಸಿ ಬಿಚ್ಚಿ ಪೆನ್ಸಿಲ್ಲು ಅಳಿಸಬೇಕಿತ್ತು.
ಉಪ್ಪುಕಾಗದ ಕೈಯಲ್ಲೇ ಇತ್ತು.
ಬಿಟ್ಟೆ. ಮುಂದೆ ಬರುವವರಿಗೂ
ಚಿಕ್ಕಮ್ಮನ ಮಗನೊಬ್ಬ ಇದ್ದೇ ಇರುತ್ತಾನೆ.
ಟಾರ್ಚು ಹಲ್ಲಲ್ಲಿ ಕಚ್ಚಿ, ಮುಚ್ಚಳ ತೆಗೆದು,
ಓದಿಕೊಳ್ಳಲಿ.